ಎದುರು ಕುರ್ಚಿ

ರಾತ್ರಿ ಒಂಬತ್ತಕ್ಕೆ ಮೇಲುಕಾಮನಹಳ್ಳಿ ಗೇಟು ಬಿದ್ದರೆ ಹಂಗಳದ ರಸ್ತೆ ಮಲಗಿಬಿಡುತ್ತದೆ. ಹಗಲೆಲ್ಲ ಊಟಿಗೆ ಹೋಗುವ ಕಾರು, ಗೂಡಲೂರಿಗೆ ಹೋಗುವ ಲಾರಿ, ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವ ಬಸ್ಸು, ಇವುಗಳ ಗದ್ದಲದಲ್ಲೇ ಬದುಕುವ ಊರು ನಮ್ಮದು. 2009ರಲ್ಲಿ ಬಂಡೀಪುರದ ಕಾಡಿನೊಳಗೆ ರಾತ್ರಿ ಸಂಚಾರ ನಿಲ್ಲಿಸಿದ ಮೇಲೆ ಕತ್ತಲಾದರೆ ಹಳೇ ಮೌನ ವಾಪಸು ಬರುತ್ತದೆ. ಜೀರುಂಡೆ, ಹೊಲ ಕಾಯುವವರ ಕೂಗು, ಆನೆ ಬಂತೆಂದು ಎಲ್ಲೋ ದೂರದಲ್ಲಿ ಸಿಡಿಸಿದ ಒಂದು ಪಟಾಕಿ. ಅಂಥ ಹೊತ್ತಿನಲ್ಲೇ ಮೇಲಿನ ಸದ್ದು ಕಿವಿಗೆ ಬೀಳುವುದು. ಜಗಲಿಯ ಮೇಲೆ ಕೂತ ನಾನು ಕತ್ತೆತ್ತುತ್ತೇನೆ. ಬೆಟ್ಟದ ಆಚೆ, ಕೇರಳದ ದಿಕ್ಕಿಗೆ, ಮಿಣುಕುತ್ತ ಒಂದು ವಿಮಾನ ಜಾರುತ್ತಿರುತ್ತದೆ. ಒಳಗೆ ಎಷ್ಟು ಜನ ಇದ್ದಾರು, ಹಿಂದಿನ ಹೊಟ್ಟೆಯಲ್ಲಿ ಎಷ್ಟು ಸಾಮಾನು ತುಂಬಿದ್ದಾರು, ಭಾರ ಎಲ್ಲಿ ಕೂತಿರಬಹುದು ಎಂದು ಮನಸ್ಸು ತಾನಾಗಿಯೇ ಲೆಕ್ಕಕ್ಕೆ ಇಳಿಯುತ್ತದೆ. 34 ವರ್ಷ ಮಾಡಿದ ಕೆಲಸ ಮೈಗೆ ಹತ್ತಿಬಿಟ್ಟಿದೆ.

1976ರಿಂದ 2010ರವರೆಗೆ ನಾನು ಬೆಂಗಳೂರಿನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ನೌಕರ. ಹಾರುವವನಲ್ಲ, ನೆಲದವನು. ಅದರಲ್ಲೂ ಬಹಳ ವರ್ಷ ನನ್ನ ಪಾಲಿಗಿದ್ದದ್ದು ಲೋಡ್ ಅಂಡ್ ಟ್ರಿಮ್ ಶೀಟ್. ಊರಲ್ಲಿ ಯಾರಾದರೂ ಅದೇನೆಂದು ಕೇಳಿದರೆ ಎತ್ತಿನ ಗಾಡಿ ತೋರಿಸುತ್ತಿದ್ದೆ. ಗಾಡಿಗೆ ಮುಂಭಾರವಾದರೆ ಎತ್ತಿನ ಹೆಗಲು ಕಿತ್ತುಹೋಗುತ್ತದೆ, ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ನೊಗವೇ ಕತ್ತು ಬಿಗಿಯುತ್ತದೆ. ವಿಮಾನವೂ ಹಾಗೇ. ಅಚ್ಚು ಹಾಕಿದ ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತ ಬರಬೇಕು. ಮುಂದಿನ ಸಾಲುಗಳಲ್ಲಿ ಇಷ್ಟು ಜನ ಎಂದರೆ ಗೆರೆ ಒಂದು ಪಕ್ಕಕ್ಕೆ, ಹಿಂದಿನ ಸಾಲುಗಳಲ್ಲಿ ಇಷ್ಟು ಎಂದರೆ ಇನ್ನೊಂದು ಪಕ್ಕಕ್ಕೆ, ಆಮೇಲೆ ಸಾಮಾನು, ಟಪಾಲು, ಇಂಧನ. ಹೀಗೆ ತಿರುಗಿ ತಿರುಗಿ ಕೊನೆಗೆ ಗೆರೆ ಒಂದು ಚೌಕಟ್ಟಿನೊಳಗೆ ಬಂದು ಬೀಳಬೇಕು. ಬೀಳದಿದ್ದರೆ ಸಾಮಾನು ಇಳಿಸು, ಇಲ್ಲವೇ ಜನರನ್ನು ಹಿಂದಕ್ಕೆ ಕೂರಿಸು. ಆವ್ರೊ ವಿಮಾನದಲ್ಲಿ ನಾನೇ ಒಳಗೆ ಹೋಗಿ, "ಸಾರ್, ದಯವಿಟ್ಟು ಎರಡು ಸಾಲು ಹಿಂದಕ್ಕೆ" ಎಂದು ಕೈಮುಗಿದದ್ದು ಎಷ್ಟು ಸಲವೋ.

ಹಾಳೆ ಮುಗಿದ ಮೇಲೆ ಅದನ್ನು ಹಿಡಿದು ಏಣಿ ಹತ್ತಿ ಕಾಕ್‌ಪಿಟ್ಟಿಗೆ ಹೋಗುವುದು. ಕ್ಯಾಪ್ಟನ್ ನೋಡಿ, ಬೆರಳಿನಿಂದ ಗೆರೆಯನ್ನು ಹಿಂಬಾಲಿಸಿ, ಸಹಿ ಹಾಕಬೇಕು. ಒಂದು ಪ್ರತಿ ಅವರಿಗೆ, ಒಂದು ನಮಗೆ. ಆ ಸಹಿ ಆಗದೆ ಬಾಗಿಲು ಮುಚ್ಚುವ ಹಾಗಿಲ್ಲ. ನೂರಾರು ಜೀವದ ಭಾರವನ್ನು ಒಬ್ಬ ಮನುಷ್ಯ ತನ್ನ ಹೆಸರು ಬರೆದು ಹೊತ್ತುಕೊಳ್ಳುವ ಗಳಿಗೆ ಅದು. ಈಗ ಆ ಲೆಕ್ಕವನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ, ಎಲ್ಲೋ ದೂರದಿಂದ ನೇರವಾಗಿ ಕಾಕ್‌ಪಿಟ್ಟಿಗೇ ಹೋಗಿ ಬೀಳುತ್ತದೆ. ಏಣಿ ಹತ್ತುವವನ ಕೆಲಸವಿಲ್ಲ. ಅದಕ್ಕಾಗಿ ನನಗೆ ದುಃಖವಿಲ್ಲ, ಯಂತ್ರ ನನಗಿಂತ ಚೆನ್ನಾಗಿ ಲೆಕ್ಕ ಹಾಕುತ್ತದೆ. ನಾನು ಕಳೆದುಕೊಂಡದ್ದು ಸಹಿ ಹಾಕುವ ಮುಖಗಳನ್ನು.

ಆ ಮುಖಗಳು ಬದಲಾಗುತ್ತಿರಲಿಲ್ಲ. ಕೋ-ಪೈಲಟ್ ಆಗಿ ಬಲಗಡೆ ಸೀಟಿನಲ್ಲಿ ಕೂತಿದ್ದ ಹುಡುಗ ನನ್ನ ಕಣ್ಣೆದುರೇ ಎಡಗಡೆ ಸೀಟಿಗೆ ಬಂದು, ತಲೆ ನರೆತು, ಕನ್ನಡಕ ಹಾಕಿಕೊಂಡು ಅದೇ ಹಾಳೆಗೆ ಸಹಿ ಹಾಕಿದ. ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಜನವರಿ ಬೆಳಗಿನ ಮಂಜು ಯಾವಾಗ ಕರಗುತ್ತದೆಂದು ಅವರು ಹವಾಮಾನದ ಕಾಗದ ನೋಡುವ ಮುಂಚೆಯೇ ಹೇಳುತ್ತಿದ್ದರು. ಗುಡ್ಡದ ತಲೆ ಸವರಿ ಮಾಡಿದ ಬಜ್ಪೆ ರನ್‌ವೇಯಲ್ಲಿ ಮಳೆಗಾಲದ ಗಾಳಿ ಯಾವ ಮಗ್ಗುಲಿಂದ ತಳ್ಳುತ್ತದೆಂದು ಹಿರಿಯ ಕ್ಯಾಪ್ಟನ್ ಕಿರಿಯನಿಗೆ ಹೇಳಿಕೊಡುತ್ತಿದ್ದದ್ದನ್ನು ಹಾಳೆ ಹಿಡಿದು ನಿಂತೇ ಕೇಳಿದ್ದೇನೆ. ಒಂದೇ ಊರಿನಲ್ಲಿ ಮೂವತ್ತು ಮಳೆಗಾಲ ಉತ್ತವನಿಗೆ ಮಾತ್ರ ಸಿಗುವ ಅರಿವು ಅದು. 1990ರ ಫೆಬ್ರವರಿ 14ರಂದು ನಮ್ಮ ಎ320 ವಿಮಾನ ಎಚ್‌ಎಎಲ್ ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಬಿದ್ದು 92 ಮಂದಿ ಹೋದರು. ಮರುದಿನ ಬೆಳಿಗ್ಗೆ ಬೋಯಿಂಗ್ ಹತ್ತಿದ ಕ್ಯಾಪ್ಟನ್ ನನ್ನ ಹಾಳೆಯನ್ನು ಎಂದಿಗಿಂತ ಹೆಚ್ಚು ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಸಹಿ ಹಾಕಿ, ನನ್ನ ಕೈಯನ್ನು ಒಂದು ಸಲ ಗಟ್ಟಿಯಾಗಿ ಹಿಡಿದು ಬಿಟ್ಟರು.

ಇದನ್ನೆಲ್ಲ ಬರೆಯಲು ಕೂತದ್ದು ಈ ಸಲದ ಯುಗಾದಿಯಿಂದ. ಆದರೆ ಅದಕ್ಕಿಂತ ಮುಂಚೆ ಹಳೆಯ ಯುಗಾದಿಗಳ ಮಾತು ಹೇಳಬೇಕು.

ನಮ್ಮಪ್ಪ ಇದೇ ಊರಿನ ದೊಡ್ಡ ಒಕ್ಕಲೊಂದರಲ್ಲಿ ಸಂಬಳದಾಳು. ಯುಗಾದಿಯಿಂದ ಯುಗಾದಿಗೆ ಕರಾರು. ಇಷ್ಟು ಖಂಡುಗ ರಾಗಿ, ಒಂದು ಕಂಬಳಿ, ಒಂದು ಜೊತೆ ಮೆಟ್ಟು, ಕೈಗೆ ಒಂದಿಷ್ಟು ಕಾಸು. ಹಬ್ಬದ ದಿನ ಎಣ್ಣೆ ನೀರು ಮುಗಿಸಿ, ಬೇವು ಬೆಲ್ಲ ತಿಂದು, ಅಪ್ಪ ಯಜಮಾನರ ಮನೆಗೆ ಹೋಗುತ್ತಿದ್ದ. ನಾನು ಹಿಂದೆ. ಯಜಮಾನರು ಜಗಲಿಯ ಮೇಲೆ ಮರದ ಕುರ್ಚಿಯಲ್ಲಿ, ಅಪ್ಪ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ. ಹೋದ ವರ್ಷ ಎಷ್ಟು ರಾಗಿ ಬಂತು, ಎಷ್ಟು ದಿನ ಕಾಯಿಲೆ ಮಲಗಿದ್ದ, ಎತ್ತಿನ ಕಾಲು ಯಾಕೆ ಮುರಿಯಿತು, ಎಲ್ಲ ಲೆಕ್ಕ ಎತ್ತಾಡುತ್ತಿದ್ದರು. ಅಪ್ಪ ತಲೆ ಎತ್ತದೆ, ಆದರೆ ಬಿಡದೆ, ಇನ್ನೆರಡು ಕೊಳಗ ಕೇಳುತ್ತಿದ್ದ. ಒಂದು ವರ್ಷ ಸಿಗುತ್ತಿತ್ತು, ಇನ್ನೊಂದು ವರ್ಷ ಇಲ್ಲ. ಕೊನೆಗೆ ಲೆಕ್ಕದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದ. ಮನೆಯಲ್ಲಿ ಅವ್ವ ಬೈಯುವಳು: "ವರ್ಸೊರ್ಸ ಯಾಕ್ ಅವ್ರ್ ಜೊತೆ ಜಗಳ ತಗೀತೀಯ?" ಅದಕ್ಕೆ ಅಪ್ಪ ಹೇಳುತ್ತಿದ್ದ ಮಾತು ಇಂದಿಗೂ ಕಿವಿಯಲ್ಲಿದೆ. "ಬುಟ್ಟೋಗೋನಾದ್ರೆ ಯಾಕ್ ಕೇಳನೆ? ಇರೋನ್ ಕಣಮ್ಮಿ, ಅದ್ಕೆ ಕೇಳ್ದೆ."

ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಅದರ ಒಂದು ಕಾಲು ಜೀತದೊಳಗೇ ಇತ್ತು. ಜೀತ ಪದ್ಧತಿಯನ್ನು ರದ್ದು ಮಾಡಿದ ಕಾಯ್ದೆ ಬಂದ 1976ರಲ್ಲೇ ನನಗೆ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅಪ್ಪನಿಗೆ ಏನು ತರಲಿ ಎಂದು ಯೋಚಿಸಿ ಒಂದು ಮರದ ಕುರ್ಚಿ ತಂದೆ. ಬೆಂಗಳೂರಿನಿಂದ ಬಸ್ಸಿನ ಮೇಲೆ ಕಟ್ಟಿಸಿಕೊಂಡು ಬಂದದ್ದು. ಅಪ್ಪ ಸಾಯುವವರೆಗೆ ಅದರ ಮೇಲೆ ಕೂತದ್ದು ಕಡಿಮೆ, ಒರೆಸಿದ್ದು ಹೆಚ್ಚು.

ನಮ್ಮ ನೌಕರರ ಸಂಘದ ಬೆಂಗಳೂರು ಶಾಖೆಯ ಸಮಿತಿಯಲ್ಲಿ ನಾನು ಎರಡು ವರ್ಷ ಇದ್ದೆ. ಒಂದು ಸಲ ಹಿರಿಯರ ಜೊತೆ ಕಡತ ಹೊತ್ತುಕೊಂಡು ಮದರಾಸಿಗೆ ಹೋಗಬೇಕಾಯಿತು. ನಮ್ಮ ದಕ್ಷಿಣ ವಲಯದ ಕಚೇರಿ ಇದ್ದದ್ದು ಅಲ್ಲಿ. ಉದ್ದನೆಯ ಮೇಜು. ಆ ಕಡೆ ಆಡಳಿತದವರು, ಈ ಕಡೆ ನಾವು. ನಾನು ಎರಡನೆಯ ಸಾಲಿನಲ್ಲಿ, ಬಾಯಿ ತೆರೆಯುವ ಅಧಿಕಾರವಿಲ್ಲ. ನನ್ನ ಕಣ್ಣು ಹೋದದ್ದು ಮಾತಿನ ಕಡೆಗಲ್ಲ, ಕುರ್ಚಿಗಳ ಕಡೆಗೆ. ಆ ಕಡೆಯ ಕುರ್ಚಿಗೂ ಈ ಕಡೆಯ ಕುರ್ಚಿಗೂ ಎತ್ತರ ಒಂದೇ. ಅವರಿಗೆ ಬಂದ ಕಾಫಿಯೇ ನಮಗೂ ಬಂತು. ನಮ್ಮ ಹಿರಿಯರೊಬ್ಬರು ಮೇಜು ತಟ್ಟಿ, "ಇದಾಗಲ್ಲ ಸಾರ್" ಎಂದರು, ಯಾರೂ ಎದ್ದು ಬಂದು ಹೊಡೆಯಲಿಲ್ಲ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವನ ಮಗ ನಾನು. ಕಡತದ ಹಿಂದೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಪೈಲಟ್‌ಗಳ ಮೇಜು ಬೇರೆ. ಅವರದು ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್. ನಾವೆಲ್ಲ ಐಸಿಪಿಎ ಎನ್ನುತ್ತಿದ್ದೆವು. ಸಂಬಳದ ಮಾತು ಅಲ್ಲಿ ಇದ್ದೇ ಇತ್ತು, ಆದರೆ ಸಂಬಳವೊಂದೇ ಅಲ್ಲ. ದಿನಕ್ಕೆ ಎಷ್ಟು ಗಂಟೆ ಡ್ಯೂಟಿ, ಎಷ್ಟು ಸಲ ಇಳಿಯಬಹುದು, ರಾತ್ರಿ ಹಾರಾಟದ ಮೇಲೆ ಎಷ್ಟು ವಿಶ್ರಾಂತಿ, ಸೀನಿಯಾರಿಟಿ ಪಟ್ಟಿಯಲ್ಲಿ ಯಾರು ಮೇಲೆ ಯಾರು ಕೆಳಗೆ, ಹೊಸ ವಿಮಾನದ ತರಬೇತಿಗೆ ಮೊದಲು ಯಾರು ಹೋಗಬೇಕು, ಇವೆಲ್ಲ ಅಲ್ಲೇ ತೀರ್ಮಾನವಾಗಬೇಕು. ನನಗೆ ಹತ್ತಿರವಾಗಿದ್ದ ಒಬ್ಬ ಕೊಡಗಿನ ಕ್ಯಾಪ್ಟನ್ ಆ ಸಂಘದಲ್ಲಿ ಓಡಾಡುತ್ತಿದ್ದರು. ಡೆಲ್ಲಿಯ ಮಾತುಕತೆ ಮುರಿದುಬಿದ್ದು ಬಂದ ದಿನವೂ ಸಹಿ ಹಾಕುವಾಗ ನಗುತ್ತಿದ್ದರು. "ಮುಂದಿನ ತಿಂಗಳು ಮತ್ತೆ ಕೂರ್ತೀವಿ" ಎನ್ನುವರು. ಮತ್ತೆ ಕೂರುವುದು. ಆ ಎರಡು ಪದದ ಬೆಲೆ ಆಗ ತಿಳಿದಿರಲಿಲ್ಲ.

1992ರ ಡಿಸೆಂಬರಿನಲ್ಲಿ ಅವರೆಲ್ಲ ಮುಷ್ಕರ ಹೂಡಿದರು. ಆ ದಿನಗಳು ನಮಗೆ ನರಕ. ಕೌಂಟರಿನ ಎದುರು ಸಾಲು, ಬೈಗುಳ, ಮದುವೆಗೆ ಹೋಗಬೇಕಾದವರು, ಹೆಣ ನೋಡಲು ಹೋಗಬೇಕಾದವರು. ಆಗ ನಾನೂ ಪೈಲಟ್‌ಗಳನ್ನು ಮನಸ್ಸಿನೊಳಗೆ ಶಪಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ. ವಿಮಾನ ಓಡಿಸಲು ಉಜ್ಬೇಕಿಸ್ತಾನದಿಂದ ಟುಪೊಲೆವ್ ವಿಮಾನವನ್ನು ಅಲ್ಲಿನ ಸಿಬ್ಬಂದಿಯ ಸಮೇತ ಬಾಡಿಗೆಗೆ ತಂದರು. 1993ರ ಜನವರಿ 9ರಂದು ಹೈದರಾಬಾದಿನಿಂದ ಹೋದ ಆ ವಿಮಾನ ಡೆಲ್ಲಿಯ ಮಂಜಿನಲ್ಲಿ ಇಳಿಯುವಾಗ ಮಗುಚಿಬಿದ್ದು ಉರಿಯಿತು. ಒಳಗಿದ್ದ 165 ಜನರಲ್ಲಿ ಒಬ್ಬರೂ ಸಾಯಲಿಲ್ಲ, ಅದೊಂದು ಪವಾಡ. ಆ ಸುದ್ದಿ ಬಂದ ದಿನ ನಮ್ಮ ಕಚೇರಿಯಲ್ಲಿ ಯಾರೂ ಪೈಲಟ್‌ಗಳನ್ನು ಬೈಯಲಿಲ್ಲ. ಡೆಲ್ಲಿಯ ಮಂಜನ್ನು ತಿಳಿದವರು ಮನೆಯಲ್ಲಿ ಕೂತಿದ್ದರು.

ಮುಷ್ಕರ ಮುಗಿದ ಮೇಲೆ ಕೊಡಗಿನ ಕ್ಯಾಪ್ಟನ್ ಮೊದಲ ದಿನ ಬಂದಾಗ ಮುಖ ಸೊರಗಿತ್ತು. ಕೇಳಿದ್ದೆಲ್ಲ ಸಿಕ್ಕಿರಲಿಲ್ಲ. ಹಾಳೆ ನೋಡಿ ಸಹಿ ಹಾಕಿದರು. "ಬಂದ್ರಲ್ಲ ಸಾರ್" ಎಂದೆ. "ಎಲ್ಲಿಗೆ ಹೋಗ್ಲಿ? ನಮ್ಮನೇನೇ ಅಲ್ವಾ?" ಎಂದರು. ಆ ಹೊತ್ತಿಗೆ ಹೋಗಲು ಬೇರೆ ಬಾಗಿಲು ತೆರೆದಿತ್ತು. ಈಸ್ಟ್ ವೆಸ್ಟ್ ಹಾರುತ್ತಿತ್ತು, ಜೆಟ್ ಏರ್‌ವೇಸ್ 1993ರ ಮೇನಲ್ಲಿ ಶುರುವಾಯಿತು, ದಮಾನಿಯಾ, ಮೋದಿಲುಫ್ಟ್, ಸಹಾರಾ ಕೂಡ ಅದೇ ಸುಮಾರಿಗೆ ಬಂದವು. 1953ರಿಂದ ವಿಮಾನಯಾನವನ್ನು ಸರ್ಕಾರದ ಕೈಯಲ್ಲಿಟ್ಟಿದ್ದ ಕಾಯ್ದೆ 1994ರಲ್ಲಿ ರದ್ದಾಯಿತು. ಹೊಸ ಕಂಪನಿಗಳಿಗೆ ವಿಮಾನ ಬಾಡಿಗೆಗೆ ಸಿಗುತ್ತಿತ್ತು. ಕ್ಯಾಪ್ಟನ್ ಅಷ್ಟು ಸುಲಭವಾಗಿ ಬಾಡಿಗೆಗೆ ಸಿಗುವುದಿಲ್ಲ, ಅವನನ್ನು ತಯಾರು ಮಾಡಲು ವರ್ಷಗಟ್ಟಲೆ ಬೇಕು. ಹೈದರಾಬಾದಿನ ನಮ್ಮ ಸಂಸ್ಥೆಯ ತರಬೇತಿ ಕೇಂದ್ರದಲ್ಲಿ ಪಳಗಿದವರನ್ನೇ ಅವರು ಕರೆದರು. ನನ್ನ ಹಾಳೆಯ ಮೇಲಿನ ಪರಿಚಿತ ಸಹಿಗಳು ಒಂದೊಂದಾಗಿ ಕಾಣೆಯಾಗಲು ಶುರುವಾದದ್ದು ಆಗ. ಹೋದವರಲ್ಲಿ ಒಳ್ಳೆಯವರೇ ಹೆಚ್ಚು. ಅವರನ್ನು ದೂರುವ ಮನಸ್ಸಿಲ್ಲ. ಕೊಡಗಿನವರು ಮಾತ್ರ ಉಳಿದರು. ನಿವೃತ್ತಿಯ ದಿನ ಕೊನೆಯ ಹಾಳೆಯನ್ನು ನಾನೇ ಒಯ್ದೆ. ನನ್ನ ಪಾಳಿ ಇರಲಿಲ್ಲ, ಕೇಳಿ ಹಾಕಿಸಿಕೊಂಡಿದ್ದೆ.

ಆಮೇಲಿನ ಕಥೆ ಬೆಂಗಳೂರಿನವರಿಗೆ ಗೊತ್ತು. 2003ರ ಆಗಸ್ಟಿನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಹಾರಿಸಿ ಹುಬ್ಬಳ್ಳಿಗೂ ಬೆಂಗಳೂರಿಗೂ ಗಂಟು ಹಾಕಿದರು. ಮೈಸೂರಿನ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನೇ ಅದರ ಗುರುತು. ಚಪ್ಪಲಿ ಕಳಚಿಟ್ಟು ವಿಮಾನ ಹತ್ತಲು ಬಂದ ಅಜ್ಜಿಯರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದು ದೊಡ್ಡ ಕೆಲಸ. 2005ರಲ್ಲಿ ಕಿಂಗ್‌ಫಿಷರ್ ಬಂತು. ಎರಡೇ ವರ್ಷದಲ್ಲಿ ಡೆಕ್ಕನ್ ಅದರ ಕೈಸೇರಿತು. ಪೈಲಟ್‌ಗಳಿಗೆ ಅಷ್ಟು ಬೇಡಿಕೆ, ವಿದೇಶದವರನ್ನು ತಂದು ಎಡಸೀಟಿನಲ್ಲಿ ಕೂರಿಸುವಷ್ಟು. ನಮ್ಮ ಮೈಸೂರಿನ ಮಂಡಕಳ್ಳಿಗೂ 2010ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ವಿಮಾನ ಬಂದಾಗ ಗುಂಡ್ಲುಪೇಟೆಯಿಂದ ಜನ ನೋಡಲು ಹೋದರು. ಮರುವರ್ಷ ಅದು ನಿಂತಿತು. 2012ರಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ಅದರ ಪೈಲಟ್‌ಗಳೂ ಎಂಜಿನಿಯರ್‌ಗಳೂ ಕೆಲಸ ನಿಲ್ಲಿಸಿದರು, ಅಕ್ಟೋಬರಿನಲ್ಲಿ ಪರವಾನಗಿಯೇ ಅಮಾನತಾಯಿತು. ಬಾಕಿ ಸಂಬಳ ಕೇಳಲು ಎದುರಿಗೆ ಯಾರೂ ಕೂರದ ಕಾಲ ಅಲ್ಲಿಂದ ಶುರುವಾಯಿತೆಂದು ನನ್ನ ಎಣಿಕೆ. 2019ರ ಏಪ್ರಿಲಿನಲ್ಲಿ ಜೆಟ್ ಕೂಡ ನಿಂತುಹೋಯಿತು. ಅದೇ ಜೆಟ್‌ನ ಪೈಲಟ್‌ಗಳು 2009ರಲ್ಲಿ ಸಂಘ ಕಟ್ಟಿಕೊಂಡು, ಅದಕ್ಕಾಗಿ ಕೆಲಸ ಕಳೆದುಕೊಂಡ ಇಬ್ಬರ ಪರವಾಗಿ ಐದು ದಿನ ಒಟ್ಟಾಗಿ ನಿಂತು ಅವರನ್ನು ವಾಪಸು ಸೇರಿಸಿಕೊಳ್ಳುವಂತೆ ಮಾಡಿದ್ದರು. ಖಾಸಗಿ ಕಂಪನಿಯಲ್ಲಿ ಎದುರು ಕುರ್ಚಿ ಎಳೆದುಕೊಳ್ಳಲು ಮಾಡಿದ ದೊಡ್ಡ ಪ್ರಯತ್ನ ಅದು.

ಸರ್ಕಾರದ ಮನೆಯಲ್ಲೂ ಮೇಜು ಅಲುಗಾಡತೊಡಗಿತ್ತು. 2007ರಲ್ಲಿ ಇಂಡಿಯನ್ ಏರ್‌ಲೈನ್ಸನ್ನು ಏರ್ ಇಂಡಿಯಾದೊಳಗೆ ಕೂಡಿಸಿದರು. ಒಂದೇ ಕಂಪನಿ, ಎರಡು ಬಗೆಯ ಸಂಬಳ, ಎರಡು ಸೀನಿಯಾರಿಟಿ ಪಟ್ಟಿ, ಎರಡು ಪೈಲಟ್ ಸಂಘ. ಸಮಾನ ವೇತನಕ್ಕಾಗಿ 2011ರಲ್ಲಿ ಐಸಿಪಿಎ ಹತ್ತು ದಿನ ಮುಷ್ಕರ ಮಾಡಿತು. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ತಮಗೇ ಸೇರಬೇಕೆಂದು 2012ರಲ್ಲಿ ಇನ್ನೊಂದು ಸಂಘ, ಇಂಡಿಯನ್ ಪೈಲಟ್ಸ್ ಗಿಲ್ಡ್, 58 ದಿನ ಹೊರಗುಳಿಯಿತು. ಆಗ ನಾನು ಹಂಗಳದಲ್ಲಿದ್ದೆ, ಪತ್ರಿಕೆಯಲ್ಲಿ ಓದುತ್ತಿದ್ದೆ. ಅಣ್ಣತಮ್ಮಂದಿರ ಭಾಗದ ಜಗಳ ಓದಿದ ಹಾಗಿತ್ತು. ಎಚ್‌ಎಎಲ್ ನಿಲ್ದಾಣ 2008ರ ಮೇನಲ್ಲೇ ಸಾರ್ವಜನಿಕ ವಿಮಾನಗಳಿಗೆ ಮುಚ್ಚಿ ಎಲ್ಲ ದೇವನಹಳ್ಳಿಗೆ ಹೋಗಿತ್ತು. ನನ್ನ ಕೊನೆಯ ಎರಡು ವರ್ಷ ಅಲ್ಲೇ ಕಳೆದರೂ ಆ ಜಾಗ ನನಗೆ ಹತ್ತಲಿಲ್ಲ.

2022ರ ಜನವರಿ 27ಕ್ಕೆ ಏರ್ ಇಂಡಿಯಾ ಟಾಟಾದವರ ಕೈಗೆ ಹೋಯಿತು. 2023ರ ಏಪ್ರಿಲಿನಲ್ಲಿ ಪೈಲಟ್‌ಗಳಿಗೆ ಹೊಸ ಕರಾರು ಬಂತು. ತಿಂಗಳಿಗೆ 40 ಗಂಟೆಯ ಹಾರಾಟಕ್ಕೆ ಖಾತರಿ ಸಂಬಳ, ಅದರಾಚೆಗೆ ಹಾರಿದಷ್ಟು. ನಾಲ್ಕು ವರ್ಷ ಕಳೆದ ಕ್ಯಾಪ್ಟನ್ ಆಡಳಿತ ವರ್ಗಕ್ಕೆ ಸೇರುತ್ತಾನೆ. ಆಡಳಿತದವನಾದ ಮೇಲೆ ಅವನಿಗೆ ಸಂಘ ಯಾತಕ್ಕೆ? ಹಳೆಯ ವೈರ ಮರೆತು ಐಸಿಪಿಎ, ಗಿಲ್ಡ್ ಎರಡೂ ಒಟ್ಟಾಗಿ ಸಹಿ ಹಾಕಬೇಡಿ ಎಂದವು. ಕಂಪನಿ ಹೇಳಿದ್ದು, ನಮ್ಮಲ್ಲಿ ಮಾನ್ಯತೆ ಪಡೆದ ಸಂಘವೇ ಇಲ್ಲ ಎಂದು. ಪೈಲಟ್‌ಗಳು ರತನ್ ಟಾಟಾ ಅವರಿಗೇ ಪತ್ರ ಬರೆದರು. ಒಬ್ಬೊಬ್ಬರಿಗೂ ಕರಾರು ಬೇರೆ ಬೇರೆಯಾಗಿ ಹೋಯಿತು, ಒಬ್ಬೊಬ್ಬರೇ ಒಪ್ಪಿದರು. ಮರುವರ್ಷ ವಿಸ್ತಾರಾದ ಸರದಿ. ಏರ್ ಇಂಡಿಯಾದಲ್ಲಿ ವಿಲೀನವಾಗುವ ಮುಂಚೆ ಅದರ ಪೈಲಟ್‌ಗಳ 70 ಗಂಟೆಯ ಖಾತರಿಯನ್ನು 40ಕ್ಕೆ ಇಳಿಸುವ ಕರಾರು. 2024ರ ಏಪ್ರಿಲಿನಲ್ಲಿ ಅನೇಕರು ಕಾಯಿಲೆ ರಜೆ ಹಾಕಿದರು, ವಿಮಾನಗಳು ರದ್ದಾದವು. ಮೇಜಿನ ಮುಂದೆ ಕೂತು ಹೇಳಬೇಕಾದ ಮಾತನ್ನು ಮೈ ಹುಷಾರಿಲ್ಲ ಎಂಬ ಒಂದು ಸಾಲಿನಲ್ಲಿ ಹೇಳಬೇಕಾಯಿತಲ್ಲ, ಅದು ನನ್ನನ್ನು ಕಲಕಿತು. 2023ರಲ್ಲಿ ಆಕಾಸ ಏರ್ ಬಿಟ್ಟು ಹೋದ 43 ಪೈಲಟ್‌ಗಳಂತೂ ಒಂದು ಸಾಲೂ ಹೇಳದೆ ನಡೆದುಬಿಟ್ಟರು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಕ್ಯಾಪ್ಟನ್ ಕೆಲಸ ಬಿಡಬೇಕಾದರೆ ಒಂದು ವರ್ಷ ಮುಂಚೆ, ಕೋ-ಪೈಲಟ್ ಆರು ತಿಂಗಳು ಮುಂಚೆ ತಿಳಿಸಬೇಕೆಂದು 2017ರಿಂದ ನಿಯಮವಿದೆ. ಒಂದು ವರ್ಷ. ಯುಗಾದಿಯಿಂದ ಯುಗಾದಿಗೆ.

ನನ್ನ ತಂಗಿಯ ಮಗ ಪೈಲಟ್. ಅವನು ಚಿಕ್ಕವನಿದ್ದಾಗ ಎಚ್‌ಎಎಲ್ ನಿಲ್ದಾಣಕ್ಕೆ ಕರೆದೊಯ್ದು ಆ ಹುಚ್ಚು ಹತ್ತಿಸಿದವನು ನಾನೇ. ಪರವಾನಗಿಗೆ 200 ಗಂಟೆ ಹಾರಬೇಕು, ಆಮೇಲೆ ಒಂದೊಂದು ಬಗೆಯ ವಿಮಾನಕ್ಕೆ ಒಂದೊಂದು ಟೈಪ್ ರೇಟಿಂಗ್. ಒಂದೊಂದು ಗಂಟೆಗೂ ದುಡ್ಡು. ಹೊಲ ಅಡವಾಯಿತು, ಅವರಮ್ಮನ ಚಿನ್ನ ಹೋಯಿತು. ಏಳು ವರ್ಷದಲ್ಲಿ ಇದು ಅವನ ಮೂರನೆಯ ಕಂಪನಿ. ಮೊದಲ ಕಂಪನಿ ಹೆಚ್ಚಿನ ಗಂಟೆಯ ದುಡ್ಡು ಉಳಿಸಿಕೊಂಡು ಅಲೆಸಿತು. ಎರಡನೆಯದು ಹೇಳದೆ ಕೇಳದೆ ಊರು ಬದಲಿಸಿತು. ಜಗಳ ಮಾಡಲಿಲ್ಲವೇನೋ ಎಂದು ಕೇಳಿದ್ದೆ. "ಯಾರ್ ಜೊತೆ ಮಾವ?" ಎಂದಿದ್ದ.

ಇನ್ನೊಂದು ಸಲ ಅವನೇ ನನ್ನ ಬಾಯಿ ಕಟ್ಟಿಸಿದ. "ನಿಮ್ ಕಾಲದಲ್ಲಿ ಇದ್ದದ್ದು ಒಂದೇ ಬಾಗ್ಲು ಮಾವ. ಒಳಗೇ ಕೂತು ಗುದ್ದಾಡದೆ ಇನ್ನೇನ್ ಮಾಡೋರು? ನಮಗೆ ಐದಾರು ಬಾಗ್ಲು. ಇಲ್ಲಿ ಸರಿ ಹೋಗ್ಲಿಲ್ವಾ, ಅಲ್ಲಿಗೆ. ಅದೂ ಒಂಥರಾ ಸ್ವಾತಂತ್ರ್ಯಾನೇ." ಅವನ ಮಾತಿನಲ್ಲಿ ನ್ಯಾಯವಿದೆ. ಬಿಟ್ಟು ಹೋಗುವ ದಾರಿ ಇದ್ದಿದ್ದರೆ ನಮ್ಮಪ್ಪ ಆ ಅಂಗಳದಲ್ಲಿ ಅಷ್ಟು ವರ್ಷ ಕುಕ್ಕರಗಾಲು ಹಾಕುತ್ತಿದ್ದನೇ? ಇಂದು ನಮ್ಮೂರಿನ ಹುಡುಗರು ಸಂಬಳ ಸಾಲದಿದ್ದರೆ ನಂಜನಗೂಡಿನ ಫ್ಯಾಕ್ಟರಿಗೋ ಕೇರಳದ ಶುಂಠಿ ಹೊಲಕ್ಕೋ ಹೊರಟುಬಿಡುತ್ತಾರೆ, ಅದು ಅವರ ಅಜ್ಜಂದಿರಿಗೆ ಸಿಗದ ಭಾಗ್ಯ. ಆದರೆ ಹೋದವನ ಜಾಗಕ್ಕೆ ಬರುವವನಿಗೆ ಅದೇ ಕರಾರು ಕಾದಿರುತ್ತದೆ, ಒಂದು ಅಕ್ಷರವೂ ಬದಲಾಗದೆ. ಕೊಡಗಿನ ಕ್ಯಾಪ್ಟನ್ ಮೇಜು ತಟ್ಟಿ ತಂದ ವಿಶ್ರಾಂತಿಯ ಗಂಟೆಯಲ್ಲಿ ಅವರನ್ನು ಕಾಣದ ಎಷ್ಟೋ ಹುಡುಗರು ನಿದ್ದೆ ಮಾಡಿದ್ದಾರೆ. ಇದನ್ನು ಅವನಿಗೆ ಹೇಗೆ ಹೇಳುವುದೆಂದು ಆವತ್ತು ತಿಳಿಯಲಿಲ್ಲ.

2025ರ ಡಿಸೆಂಬರಿನಲ್ಲಿ ವಿಶ್ರಾಂತಿಯ ಆ ಗಂಟೆಗಳ ಬೆಲೆಯನ್ನು ದೇಶವೇ ಕಂಡಿತು. ಆ ವರ್ಷ ಪೈಲಟ್‌ಗಳಿಗೆ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತ್ತು, ರಾತ್ರಿ ಇಳಿಯುವ ಲೆಕ್ಕಕ್ಕೆ ಕಡಿವಾಣ ಬಿದ್ದಿತ್ತು. ಈ ನಿಯಮ ಬಂದದ್ದು ಪೈಲಟ್ ಸಂಘಗಳು ಡೆಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ. ಕಂಪನಿಯ ಮೇಜಿಲ್ಲದ್ದಕ್ಕೆ ನ್ಯಾಯಾಧೀಶರ ಮೇಜು. ನಿಯಮ ಪೂರ್ತಿ ಜಾರಿಯಾದ ಮೇಲೆ ದೇಶದ ಅತಿ ದೊಡ್ಡ ವಿಮಾನ ಕಂಪನಿ ಇಂಡಿಗೋದಲ್ಲಿ ಸಾಕಷ್ಟು ಪೈಲಟ್‌ಗಳಿಲ್ಲದೆ ಸಾವಿರಾರು ವಿಮಾನ ರದ್ದಾದವು. ದೇವನಹಳ್ಳಿಯಲ್ಲಿ ಸೂಟ್‌ಕೇಸ್‌ಗಳ ರಾಶಿಯ ನಡುವೆ ಮಲಗಿದ ಜನರನ್ನು ಟಿವಿಯಲ್ಲಿ ನೋಡಿದೆ. ಕೊನೆಗೆ ಆ ಕಂಪನಿಗೆ ಒಂದಷ್ಟು ತಿಂಗಳು ನಿಯಮದಿಂದ ವಿನಾಯಿತಿ ಸಿಕ್ಕಿತು. ದಣಿದವನ ನಿದ್ದೆಯ ಮೇಲೆ ಸಾಲ.

ಈ ಯುಗಾದಿಗೆ ಹುಡುಗ ಊರಿಗೆ ಬಂದ. ಹಬ್ಬದ ಊಟ ಮುಗಿಸಿ, ಸಂಜೆ ಹೊಲದ ಕಡೆ ತಿರುಗಾಡಿ ಬಂದೆವು. ಇನ್ನೊಂದೆರಡು ಹದ ಮಳೆ ಬಿದ್ದರೆ ಚೆಂಡು ಹೂವಿನ ನಾಟಿ. ಬಣ್ಣ ತೆಗೆಯುವ ಕಂಪನಿಯವರು ಬೀಜ ಕೊಟ್ಟು ಕೆಜಿಗೆ ಇಷ್ಟೆಂದು ಮೊದಲೇ ಬೆಲೆ ಹೇಳಿಹೋಗುತ್ತಾರೆ. ಹೂವಿನ ಕಂಪನಿಯ ಏಜೆಂಟ್ ಆದರೂ ಬೈಕಿನಲ್ಲಿ ಬಂದು ಹೊಲದ ಬದುವಿನ ಮೇಲೆ ಕೂರುತ್ತಾನೆ, ನಾಲ್ಕು ಜನ ಸೇರಿ ಅವನನ್ನು ದಬಾಯಿಸಬಹುದು.

ರಾತ್ರಿ ಒಂಬತ್ತಾಯಿತು. ರಸ್ತೆ ಮಲಗಿತು. ಹುಡುಗ ಜಗಲಿಯ ಮೇಲೆ ಫೋನು ಹಿಡಿದು ಕೂತಿದ್ದ. ಹೊಸ ಕರಾರು ಬಂದಿದೆ, ಈ ರಾತ್ರಿ ಹನ್ನೆರಡರೊಳಗೆ ಒಪ್ಪಬೇಕು ಎಂದ. ಓದು ಎಂದೆ. ಓದಿದ. ಖಾತರಿ ಗಂಟೆ ಇಷ್ಟು. ಭತ್ಯೆಗಳನ್ನು ಕಂಪನಿ ಕಾಲಕಾಲಕ್ಕೆ ಬದಲಿಸಬಹುದು. ಯಾವ ಊರಿನಲ್ಲಿ ನೆಲೆ ಎಂಬುದನ್ನು ಕಂಪನಿ ಯಾವಾಗ ಬೇಕಾದರೂ ಬದಲಿಸಬಹುದು.

"ಬದಲಿಸಬಹುದು ಅಂದ್ರೆ? ಇದನ್ನ ಯಾರನ್ನ ಕೇಳೋದು?"

"ಕೆಳಗೆ ಒಂದ್ ಮೇಲ್ ಐಡಿ ಐತೆ ಮಾವ."

ನಾನು ಒಳಗೆ ಹೋಗಿ ಅಪ್ಪನ ಕುರ್ಚಿ ತಂದು ಅವನ ಎದುರಿಗೆ ಹಾಕಿದೆ. ಕೂತೆ. "ನಾನೇ ಕಂಪನಿ ಅಂದ್ಕೊ ಮಗ. ಕೇಳು" ಎಂದೆ. ಅವನು ನಕ್ಕ. ನಾನು ನಗದೆ ಕೂತದ್ದನ್ನು ನೋಡಿ ಸುಮ್ಮನಾದ. ಆಮೇಲೆ, ನಿಧಾನವಾಗಿ, ಕೇಳತೊಡಗಿದ. ಅಮ್ಮನಿಗೆ ಸಕ್ಕರೆ ಕಾಯಿಲೆ ಸಾರ್, ನನ್ನ ಬೆಂಗಳೂರು ಬಿಟ್ಟು ಬೇರೆ ಕಡೆ ಹಾಕಬೇಡಿ. ನಾಲ್ಕು ದಿನ ಬೆಳಗಿನ ಜಾವದ ಡ್ಯೂಟಿ ಹಾಕಿ ಐದನೇ ದಿನ ರಾತ್ರಿಗೆ ತಿರುಗಿಸ್ತೀರಿ, ನನಗೆ ನಿದ್ದೆ ಬರಲ್ಲ ಸಾರ್. ಹೋದ ತಿಂಗಳು ಇಳಿಯುವಾಗ ಒಂದು ಗಳಿಗೆ ಕಣ್ಣು ಮಂಜಾಯ್ತು, ಪಕ್ಕದ ಕ್ಯಾಪ್ಟನ್‌ಗೆ ಬಿಟ್ಟರೆ ಯಾರಿಗೂ ಹೇಳಿಲ್ಲ ಸಾರ್.

ನನ್ನಲ್ಲಿ ಅವನಿಗೆ ಕೊಡಲು ಯಾವ ಉತ್ತರವೂ ಇರಲಿಲ್ಲ. ಮೇಲೆ ಒಂದು ವಿಮಾನ ಹಾದುಹೋಯಿತು. ಇಬ್ಬರೂ ಕತ್ತೆತ್ತಿದೆವು. "ಎ320" ಎಂದ, ಸದ್ದಿನಿಂದಲೇ. ಅದು ಬೆಟ್ಟದ ಆಚೆ ಮರೆಯಾಗುವವರೆಗೆ ನೋಡುತ್ತಿದ್ದೆವು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅವನು ಫೋನಿನ ಮೇಲೆ ಹೆಬ್ಬೆಟ್ಟು ಒತ್ತಿದ. ನಾನು ಕುರ್ಚಿಯನ್ನು ಒಳಗಿಟ್ಟೆ. ಮರುದಿನ ಡ್ಯೂಟಿ ಇತ್ತು, ಮೊದಲ ಬಸ್ಸಿಗೆ ಹೋಗಬೇಕೆಂದು ಐದಕ್ಕೆ ಎಬ್ಬಿಸಲು ಹೇಳಿ ಮಲಗಿದ.